ಎಣಿಕೆ ಕಂಬದ ಆಚೆ

ಪುರಸಭೆಯ ಸಭೆ ಇದ್ದದ್ದು ಮಧ್ಯಾಹ್ನ. ಯೋಜನಾಧಿಕಾರಿ ಬೆಳಿಗ್ಗೆಯೇ ಏಣಿ ಹೊತ್ತುಕೊಂಡು ಕಾಲುವೆ ದಂಡೆಗೆ ಹೊರಟಿದ್ದಳು. ಅಧಿಕಾರಿ ಎಂದರೆ ಜೀಪು, ಜವಾನ, ಕೈಕಟ್ಟಿ ನಿಂತ ಜನ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ಆ ವಿಭಾಗವನ್ನು ನೋಡಿಲ್ಲ ಎಂದೇ ಅರ್ಥ. ಅಲ್ಲಿದ್ದದ್ದು ಅವಳು, ಅವಳ ಮೇಜು, ಕಾಲು ಮುರಿದ ಇನ್ನೊಂದು ಮೇಜು. ಏಣಿಯನ್ನು ಸಹ ಬೀದಿದೀಪದವರಿಂದ ಕಾಡಿ ಬೇಡಿ ತಂದದ್ದು.

ಕಂಬದ ಮೇಲಿನ ಎಣಿಕೆ ಪೆಟ್ಟಿಗೆಯನ್ನು ಇವತ್ತು ಇಳಿಸಬೇಕಿತ್ತು. ಆ ಪೆಟ್ಟಿಗೆ ಅಲ್ಲಿಗೆ ಹತ್ತಿದ್ದರ ಹಿಂದೆ ಒಂದು ಜಗಳವಿದೆ. ಹಳೆಯ ಕಾಲುವೆ ಬತ್ತಿ ಎಷ್ಟೋ ವರ್ಷವಾಗಿತ್ತು. ಅದರ ದಂಡೆ ಮಾರುಕಟ್ಟೆಯ ಹಿಂಬದಿಯಿಂದ ಹೊರಟು, ಪಂಪ್‌ಹೌಸ್ ದಾಟಿ, ಶಾಲೆಯ ಬೆನ್ನಿಗೆ ತಾಗಿಕೊಂಡು ಕೆರೆಯವರೆಗೆ ಹೋಗುತ್ತಿತ್ತು. ಅದಕ್ಕೆ ಜಲ್ಲಿ ಹಾಸಿ, ದೀಪ ಹಾಕಿ, ನೆರಳಿದ್ದ ಕಡೆ ಕಲ್ಲುಬೆಂಚು ಇಟ್ಟರೆ ಊರಿಗೆಲ್ಲ ಒಂದು ನಡೆದಾಡುವ ದಾರಿಯಾಗುತ್ತದೆ, ಶಾಲೆಯ ಮಕ್ಕಳು ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವುದು ತಪ್ಪುತ್ತದೆ ಎನ್ನುವುದು ಅವಳ ಯೋಜನೆ; ಹಣ ಪುರಸಭೆಯ ಉದ್ಯಾನ ನಿಧಿಯದು. ಉಪಾಧ್ಯಕ್ಷರಿಗೆ ಅದೇ ನಿಧಿಯಲ್ಲಿ ಮಾರುಕಟ್ಟೆಯ ತುದಿಗೆ ಕಾರು ನಿಲ್ಲಿಸುವ ಜಾಗ ಬೇಕಿತ್ತು. ಸುತ್ತ ನಾಲ್ಕು ಗಿಡ ನೆಟ್ಟರೆ ಅದೂ ಉದ್ಯಾನವೇ ಅಲ್ಲವೇ ಎಂದು ಅವರು ಕಣ್ಣು ಮಿಟುಕಿಸದೆ ವಾದಿಸಿದ್ದರು. ಅದು ಬಂದರೆ ದಾರಿಯ ಬಾಯಿಯೇ ಮುಚ್ಚಿಹೋಗುತ್ತಿತ್ತು.

ಇಬ್ಬರ ಹಗ್ಗಜಗ್ಗಾಟ ನೋಡಿ ಸುಸ್ತಾದ ಅಧ್ಯಕ್ಷೆ ಕೊನೆಗೆ ಒಂದು ಷರತ್ತು ಹಾಕಿದರು. ಆ ದಂಡೆಯ ಮೇಲೆ ಈಗಲೇ ಜನ ನಡೆಯುತ್ತಾರೆ ಎಂದು ತೋರಿಸಿದರೆ ಹಣ ದಾರಿಗೆ, ಇಲ್ಲವಾದರೆ ಕಾರುಗಳಿಗೆ. ಹೀಗೆ ಪಂಪ್‌ಹೌಸ್ ಹತ್ತಿರದ ಕಂಬಕ್ಕೆ ಪೆಟ್ಟಿಗೆ ಬಂತು. ಅದರ ಮುಂದೆ ಯಾರು ಹಾದುಹೋದರೂ ಒಂದು ಎಂದು ಎಣಿಸುವ ಯಂತ್ರ ಅದು. ಯಾರು, ಎತ್ತ, ಯಾಕೆ ಎಂದು ಅದು ಕೇಳುವುದಿಲ್ಲ.

ಮೊದಮೊದಲು ಎಣಿಕೆ ನೋಡಿದರೆ ಅಳು ಬರುವಂತಿತ್ತು. ಬರದೆ ಏನು ಮಾಡುತ್ತದೆ? ದಾರಿ ಸರಿಯಿಲ್ಲವೆಂದು ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ದಾರಿಯನ್ನು ಸರಿಮಾಡುವುದಿಲ್ಲ. ಈ ಸುಳಿಯಲ್ಲಿ ಎಷ್ಟು ಊರುಗಳ ಎಷ್ಟು ದಾರಿಗಳು ಮುಳುಗಿಹೋಗಿವೆಯೋ ದೇವರಿಗೇ ಗೊತ್ತು. ಒಂದು ದಿನ ಊಟಕ್ಕೆ ಕೂತಾಗ ಅವಳು ತಡೆಯಲಾರದೆ ಅಪ್ಪನೆದುರು ಎಲ್ಲವನ್ನೂ ಕಕ್ಕಿದ್ದಳು. ಪೆಟ್ಟಿಗೆ ಎಲ್ಲಿದೆ, ಹೇಗೆ ಎಣಿಸುತ್ತದೆ, ಎಣಿಕೆ ಬರದಿದ್ದರೆ ಏನಾಗುತ್ತದೆ, ಎಲ್ಲವನ್ನೂ. ಅಪ್ಪ ತಟ್ಟೆಯಿಂದ ತಲೆ ಎತ್ತದೆ ಕೇಳಿಸಿಕೊಂಡಿದ್ದರು.

ಅಪ್ಪ ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವಾಗ ಹೊರಡಬೇಕು, ಯಾರು ಯಾವ ಮಾರ್ಗಕ್ಕೆ ಹೋಗಬೇಕು ಎಂದು ಡ್ಯೂಟಿ ಹಾಕುವುದೇ ಅವರ ಬದುಕಾಗಿತ್ತು. ನಿವೃತ್ತಿಯಾದ ಮೇಲೆ ಡ್ಯೂಟಿ ಹಾಕಲು ಮನೆಯಲ್ಲಿ ಯಾರಿದ್ದರು? ಮಗಳೊಬ್ಬಳು, ಅವಳು ಮಾತು ಕೇಳುವವಳಲ್ಲ. ಮೊಣಕಾಲಿನ ಆಪರೇಷನ್ ಆದ ಮೇಲಂತೂ ಅವರು ಕಿಟಕಿಯ ಪಕ್ಕದ ಕುರ್ಚಿಗೆ ಅಂಟಿಕೊಂಡುಬಿಟ್ಟಿದ್ದರು. ನಡೆಯಿರಿ, ನಡೆಯದಿದ್ದರೆ ಕಾಲು ಕೈಕೊಡುತ್ತದೆ ಎಂದು ಡಾಕ್ಟರು ಬೈದಿದ್ದರು. ಮಗಳು ಗೋಗರೆದಿದ್ದಳು. ಕುರ್ಚಿ ಅಲುಗಿರಲಿಲ್ಲ.

ಆಮೇಲೆ ಇದ್ದಕ್ಕಿದ್ದಂತೆ ಎರಡು ಒಳ್ಳೆಯ ಸಂಗತಿಗಳು ಒಟ್ಟಿಗೆ ನಡೆದವು. ಅಪ್ಪ ದಿನವೂ ಕೋಲು ಹಿಡಿದು ಹೊರಗೆ ಹೋಗತೊಡಗಿದರು, ಪೆಟ್ಟಿಗೆಯ ಎಣಿಕೆ ಏರತೊಡಗಿತು. ಅವಳು ಎರಡಕ್ಕೂ ಹಿರಿಹಿರಿ ಹಿಗ್ಗಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ವರದಿ ಬರೆದು ಸದಸ್ಯರಿಗೆಲ್ಲ ಹಂಚಿಯೂ ಆಗಿತ್ತು.

ಪಂಪ್‌ಹೌಸಿನ ಮೂಲೆ ತಿರುಗಿದವಳು ಹಾಗೇ ನಿಂತಳು.

ಕಂಬದ ಬುಡದಲ್ಲಿ ಅಪ್ಪ ಕೋಲೂರಿ ನಿಂತಿದ್ದರು. ಎದುರಿಗೆ ನಿವೃತ್ತ ಪೋಸ್ಟ್‌ಮನ್, ಕನ್ನಡಕದ ದರ್ಜಿ, ಮತ್ತು ಎಲ್ಲರೂ ಉದ್ದಣ್ಣ ಎಂದು ಕರೆಯುವ ಹಳೆಯ ಬಸ್ ಡ್ರೈವರ್. ಮೂವರೂ ಪೆಟ್ಟಿಗೆಯ ಮುಂದೆ ಹಾದುಹೋಗುತ್ತಿದ್ದರು, ಹತ್ತು ಹೆಜ್ಜೆ ಆಚೆ ತಿರುಗುತ್ತಿದ್ದರು, ಮತ್ತೆ ಹಾದು ಬರುತ್ತಿದ್ದರು.

"ಅಂಟಿಕೊಂಡು ಹೋಗ್ಬೇಡ್ರೋ," ಅಪ್ಪ ಕೈಬೀಸಿ ಹೇಳುತ್ತಿದ್ದರು. "ಒಟ್ಟಿಗೆ ಹೋದ್ರೆ ಅದು ಒಬ್ಬರೇ ಅಂದ್ಕೊಳ್ಳುತ್ತೆ. ಉದ್ದಣ್ಣ, ನೀನು ನಿಲ್ಲು. ಪೋಸ್ಟು ತಿರುಗಲಿ, ಆಮೇಲೆ ಹೊರಡು. ನಿನ್ನ ಹಿಂದೆ ನಾನು ಬರ್ತೀನಿ."

ಏಣಿ ಕೈಯಿಂದ ಜಾರಿ ಬೇಲಿಗೆ ಬಡಿಯಿತು. ನಾಲ್ವರೂ ತಿರುಗಿ ನೋಡಿದರು. ದರ್ಜಿ ಅರ್ಧ ತಿರುಗಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.

"ಅಪ್ಪಾ, ಏನಿದು?"

"ವಾಕಿಂಗ್," ಎಂದರು ಅಪ್ಪ.

"ಎಷ್ಟು ದಿನದಿಂದ?"

"ಡಾಕ್ಟರು ಹೇಳಿದ್ರಲ್ಲ ಪುಟ್ಟಿ, ನಡೀಬೇಕು ಅಂತ."

ಅವಳು ಪೆಟ್ಟಿಗೆಯನ್ನೂ ಅಪ್ಪನನ್ನೂ ನೋಡಿದಳು. ಸಿಟ್ಟು ಬರಬೇಕಿತ್ತು, ಬಂತು. ಅದರ ಹಿಂದೆಯೇ ಅಳುವೂ ಬಂತು, ಅದನ್ನು ನುಂಗಿಕೊಂಡಳು. "ಇದನ್ನ ನಂಬಿ ನಾನು ವರದಿ ಕೊಟ್ಟಿದ್ದೀನಿ. ಇವತ್ತು ಅವರೆಲ್ಲರ ಮುಂದೆ ನಿಂತು ಇದೇ ನಿಜ ಅಂತ ಹೇಳ್ಬೇಕು. ಗೊತ್ತಾ ನಿಮಗೆ?"

"ಹೇಳು. ಸುಳ್ಳೇನಿದೆ ಅದ್ರಲ್ಲಿ? ನಡೆಯೋರನ್ನ ಎಣಿಸೋ ಪೆಟ್ಟಿಗೆ. ನಾವು ನಡೆದ್ವಿ. ನಮ್ಮ ಕಾಲು ಕಾಲಲ್ವಾ?"

ಉದ್ದಣ್ಣ ನಡುವೆ ಬಾಯಿ ಹಾಕಿದ. "ಬಿಸಿಲು ಜಾಸ್ತಿ ಇದ್ದ ದಿನಾನೂ ನಿಮ್ಮಪ್ಪ ರಜೆ ಕೊಡ್ಲಿಲ್ಲಮ್ಮ. ಡಿಪೋದಲ್ಲೂ ಹೀಗೇ."

ಅವಳಿಗೆ ನಗು ಬರಲಿಲ್ಲ. ಏಣಿ ಹತ್ತಿ, ತಿರುಪು ಬಿಚ್ಚಿ, ಪೆಟ್ಟಿಗೆ ಇಳಿಸಿ ಚೀಲಕ್ಕೆ ಹಾಕಿಕೊಂಡಳು. ಅಪ್ಪ ಏಣಿಯ ಬುಡ ಹಿಡಿದುಕೊಂಡು ನಿಂತಿದ್ದರು. ಇಳಿಯುವಾಗ ಅವರು ಸಣ್ಣ ದನಿಯಲ್ಲಿ ಹೇಳಿದರು: "ಸುಮ್ನಿರು ಪುಟ್ಟಿ. ನಮ್ಮ ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ದಾರಿ ಆಗ್ಲಿ. ಆದ್ಮೇಲೆ ಜನ ಬಂದೇ ಬರ್ತಾರೆ, ಆಗ ನಿನ್ನ ಎಣಿಕೆ ತಾನಾಗೇ ನಿಜ ಆಗುತ್ತೆ."

ಅದು ನಿಜವೂ ಆಗಿತ್ತು. ಅವಳನ್ನು ಮಧ್ಯಾಹ್ನದವರೆಗೆ ಕೊರೆದದ್ದು ಅದೇ ಮಾತು. ಕಚೇರಿಯಲ್ಲಿ ಚಹಾ ತಣ್ಣಗಾಯಿತು. ನಕ್ಷೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಸುಮ್ಮನಿದ್ದರೆ ದಾರಿ ಉಳಿಯುತ್ತದೆ. ಬಾಯಿ ಬಿಟ್ಟರೆ ಮುಗಿಯಿತು. ಶಾಲೆಯ ಮುಖ್ಯೋಪಾಧ್ಯಾಯಿನಿ ಹೋದ ವಾರ ತಾವಾಗಿ ಬಂದು ಅವಳ ಕೈ ಹಿಡಿದು ಧನ್ಯವಾದ ಹೇಳಿ ಹೋಗಿದ್ದು ನೆನಪಾಯಿತು. ಆ ಹೆಂಗಸಿಗೆ ಯಾವ ಮುಖ ತೋರಿಸುವುದು? ಸುಮ್ಮನಿರುವುದೇ ಸರಿ ಎಂದು ನಿರ್ಧರಿಸಿಯೇ ಅವಳು ಸಭಾಂಗಣದ ಬಾಗಿಲು ದಾಟಿದಳು. ಕತೆ ಹೇಳುವಾಗ ಈ ಮಾತನ್ನು ಮುಚ್ಚಿಡುವುದು ಬೇಡ. ಒಳಗೆ ಹೋಗುವಾಗ ಅವಳ ಮನಸ್ಸಿನಲ್ಲಿ ಸುಳ್ಳೇ ಇತ್ತು.

ಸಭಾಂಗಣದಲ್ಲಿ ಫ್ಯಾನುಗಳು ಕಿರುಗುಟ್ಟುತ್ತಿದ್ದವು. ಉದ್ದ ಮೇಜಿನ ತಲೆಗೆ ಅಧ್ಯಕ್ಷೆ, ಅವರ ಬಲಕ್ಕೆ ಉಪಾಧ್ಯಕ್ಷರು, ಎರಡೂ ಬದಿಗೆ ಸದಸ್ಯರು. ಹಿಂದೆ ಸಾರ್ವಜನಿಕರ ಬೆಂಚು. ಅಲ್ಲಿ ಸಾಮಾನ್ಯವಾಗಿ ನೊಣ ಬಿಟ್ಟರೆ ಯಾರೂ ಕೂರುವುದಿಲ್ಲ. ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಕೂತಿದ್ದರು, ಅವರ ಪಕ್ಕದಲ್ಲಿ ಮೂವರು ಗೆಳೆಯರು. ಮಗಳು ಗೆಲ್ಲುವುದನ್ನು ನೋಡಲು ಬಂದಿದ್ದರು.

ಅವಳು ನಕ್ಷೆ ತೂಗುಹಾಕಿ ವಿವರಿಸಿದಳು. ದನಿ ನಡುಗಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಉಪಾಧ್ಯಕ್ಷರು ವರದಿಯನ್ನು ತಿರುವಿಹಾಕುತ್ತಿದ್ದರು.

"ಮೇಡಂ," ಎಂದರು ಅವರು, "ನಾನು ಆ ದಂಡೆ ಮೇಲೆ ಎರಡು ಸಲ ಹೋಗಿ ಬಂದೆ. ಒಂದು ನರಪಿಳ್ಳೆ ಇರ್ಲಿಲ್ಲ. ನಿಮ್ಮ ಪೆಟ್ಟಿಗೆಗೆ ಕಂಡ ಜನ ನನಗ್ಯಾಕೆ ಕಾಣ್ಲಿಲ್ಲ?"

ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಕೈ ಎತ್ತಿ ಸುಮ್ಮನಾಗಿಸಿದರು. "ನೋಡಿ, ಇವರು ಇಲ್ಲಿಗೆ ಬಂದಾಗಿನಿಂದ ಕೊಟ್ಟ ಲೆಕ್ಕ ಒಂದೂ ತಪ್ಪಿಲ್ಲ. ಮೇಡಂ, ಈ ಎಣಿಕೆ ಸರಿ ಅಂತ ನೀವೊಂದು ಮಾತು ಹೇಳಿ. ನನಗಷ್ಟೇ ಸಾಕು. ಈಗಲೇ ಕೈ ಎತ್ತಿಸ್ತೀನಿ."

ಒಂದು ಮಾತು. ಹೌದು ಎಂದರೆ ಸಾಕಿತ್ತು. ಅವಳು ಬಾಯಿ ತೆರೆದಳು. ಹಿಂದಿನ ಬೆಂಚಿನಲ್ಲಿ ಅಪ್ಪ ಕೋಲಿನ ಮೇಲೆ ಎರಡೂ ಕೈ ಇಟ್ಟು, ಮುಂದೆ ಬಾಗಿ ಅವಳನ್ನೇ ನೋಡುತ್ತಿದ್ದರು. ಅಧ್ಯಕ್ಷೆಯೂ ನೋಡುತ್ತಿದ್ದರು, ಒಂದಿಷ್ಟೂ ಅನುಮಾನವಿಲ್ಲದ ಕಣ್ಣಿನಿಂದ. ಅನುಮಾನ ಇದ್ದಿದ್ದರೆ ಸುಳ್ಳು ಸುಲಭವಾಗುತ್ತಿತ್ತು.

"ಸರಿ ಇಲ್ಲ ಮೇಡಂ," ಎಂದಳು ಅವಳು.

ಉಪಾಧ್ಯಕ್ಷರು ವರದಿಯಿಂದ ತಲೆ ಎತ್ತಿದರು.

"ಪೆಟ್ಟಿಗೆ ಕೆಟ್ಟಿಲ್ಲ. ಆದ್ರೆ ಕೆಲವರು ಎಣಿಕೆ ಏರ್ಲಿ ಅಂತಲೇ ಅದರ ಮುಂದೆ ಹೋಗಿ ಬಂದು ಮಾಡಿದ್ದಾರೆ. ನನಗೆ ಗೊತ್ತಾಗಿದ್ದು ಇವತ್ತು ಬೆಳಿಗ್ಗೆ. ವರದೀನ ವಾಪಸ್ ತಗೋತೀನಿ. ಇನ್ನೊಂದು ಸಲ ಎಣಿಸೋಕೆ ಸಮಯ ಕೊಡಿ ಅಂತ ಕೇಳ್ಕೋತೀನಿ."

"ಯಾರು ಅವರು?" ಉಪಾಧ್ಯಕ್ಷರು ಎದ್ದೇ ನಿಂತರು. "ನಮ್ಮ ಕಣ್ಣಿಗೆ ಮಣ್ಣೆರಚೋಕೆ ನಿಂತವರು ಯಾರು ಅಂತ ಸಭೆಗೆ ಗೊತ್ತಾಗ್ಲಿ."

ಅವಳು ತಲೆ ತಗ್ಗಿಸಿದಳು. ಹಿಂದೆ ಬೆಂಚು ಕಿರ್ರೆಂದಿತು. ಕೋಲು ನೆಲಕ್ಕೆ ತಾಗಿದ ಸದ್ದು.

"ನಾನು," ಎಂದರು ಅಪ್ಪ. "ಡ್ಯೂಟಿ ಹಾಕಿದ್ದು ನಾನು. ಇವರೆಲ್ಲ ನಾನು ಹೇಳಿದ್ದಕ್ಕೆ ನಡೆದೋರು. ಆ ಹುಡುಗಿ ನನ್ನ ಮಗಳು. ಅವಳಿಗೆ ಏನೂ ಗೊತ್ತಿರ್ಲಿಲ್ಲ."

ಇಷ್ಟು ವರ್ಷ ನೂರಾರು ಜನಕ್ಕೆ ಗದರಿದ ಆ ದನಿ ಕೊನೆಗೆ ಸಣ್ಣಗಾಯಿತು. ಕೂರಬೇಕೋ ಹೊರಗೆ ಹೋಗಬೇಕೋ ತಿಳಿಯದೆ ಅವರು ನಿಂತೇ ಇದ್ದರು. ಆ ಕ್ಷಣ ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಉದ್ದಣ್ಣನೇ ತೋಳು ಹಿಡಿದು ಅವರನ್ನು ಕೂರಿಸಿದ.

ದಾರಿಗೋ ಕಾರುಗಳಿಗೋ ಎಂದು ಮತ ಹಾಕಿದರು. ಎರಡೂ ಕಡೆ ಸಮ ಬಂತು. ಎಲ್ಲರೂ ಅಧ್ಯಕ್ಷೆಯ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಷರತ್ತು ಹಾಕಿದವಳು ನಾನೇ," ಎಂದರು. "ನಾನೇ ಅದನ್ನ ಮುರಿಯೋಕಾಗಲ್ಲ. ಹಣ ಈ ಸಲ ಖರ್ಚಾಗದಿದ್ರೆ ವಾಪಸ್ ಹೋಗುತ್ತೆ, ಕಾಯೋದಕ್ಕೂ ಆಗಲ್ಲ." ಕಾರು ನಿಲ್ದಾಣದ ಪರವಾಗಿ ಅವರ ಕೈ ಮೇಲೆ ಹೋಯಿತು. ಬಹಳ ನಿಧಾನವಾಗಿ ಹೋಯಿತು, ಆದರೆ ಹೋಯಿತು.

ಹೊರಗೆ ಮೆಟ್ಟಿಲ ಬಳಿ ಉಪಾಧ್ಯಕ್ಷರು ಅವಳನ್ನು ತಡೆದರು. ಅವರ ಮುಖ ಸಪ್ಪಗಿತ್ತು, ಗೆದ್ದವರ ಮುಖ ಹಾಗಿರುವುದಿಲ್ಲ. "ನೀವು ಹೌದು ಅಂದುಬಿಟ್ಟಿದ್ರೆ ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ," ಎಂದರು. ಆಮೇಲೆ ತಮ್ಮ ಕಾರಿನ ಕಡೆ ನಡೆದರು. ಆ ಕಾರು ನಿಂತಿದ್ದದ್ದು ಫುಟ್‌ಪಾತಿನ ಮೇಲೆ.

ಮನೆಯಲ್ಲಿ ಅಪ್ಪ ಮಾತಾಡಲಿಲ್ಲ. ಮುಖ ಊದಿಸಿಕೊಂಡಿದ್ದಾರೆ ಎಂದು ಮೊದಲು ಅವಳು ಅಂದುಕೊಂಡಳು. ಆಮೇಲೆ ನೋಡಿದರೆ ಅದು ಮುನಿಸಲ್ಲ, ನಾಚಿಕೆ. ಮರುದಿನ ಅವಳು ಕೆಲಸದಿಂದ ಬಂದಾಗ ಅವರು ಕಿಟಕಿಯ ಪಕ್ಕದ ಅದೇ ಕುರ್ಚಿಯಲ್ಲಿದ್ದರು. ಕೋಲು ಬಾಗಿಲ ಹಿಂದಿತ್ತು. ದಾರಿ ಹೋದದ್ದು ಹೋಯಿತು, ಅಪ್ಪನ ಕಾಲೂ ಅದರ ಜೊತೆಗೇ ಹೋಯಿತಲ್ಲ ಅನ್ನಿಸಿತು.

"ವಾಕಿಂಗ್ ಹೋಗಲ್ವಾ?"

"ಯಾಕೆ ಹೋಗ್ಲಿ," ಎಂದರು ಅವರು ಕಿಟಕಿ ನೋಡುತ್ತಲೇ. "ಎಣಿಸೋಕೆ ಪೆಟ್ಟಿಗೆನೇ ಇಲ್ವಲ್ಲ."

ಅವಳು ಚಪ್ಪಲಿ ಬಿಡದೆ ಬಾಗಿಲ ಹಿಂದಿನ ಕೋಲು ತಂದು ಅವರ ಮುಂದೆ ಹಿಡಿದಳು. "ನಾನು ಎಣಿಸ್ತೀನಿ. ಏಳಿ."

ಅಪ್ಪ ಕೋಲು ಇಸಿದುಕೊಂಡರು. ಆಮೇಲೆ ಎದ್ದರು.

ಮಾರುಕಟ್ಟೆಯ ಹಿಂದೆ ಆಗಲೇ ಯಾರೋ ಸುಣ್ಣದ ಗೆರೆ ಎಳೆದು ಹೋಗಿದ್ದರು. ಇಲ್ಲಿಂದ ಇಲ್ಲಿಗೆ ಕಾರುಗಳು ಎಂಬ ಗುರುತು. ಇಬ್ಬರೂ ಅದನ್ನು ನೋಡಿಯೂ ನೋಡದಂತೆ ದಾಟಿದರು. ಮುಳ್ಳುಗಿಡಗಳನ್ನು ಅವಳು ಕಾಲಿನಿಂದ ಸರಿಸಿದಳು, ಅವರು ಹಿಂದೆ ಬಂದರು. ಸಂಜೆ ಬಿಸಿಲು ಓರೆಯಾಗಿ ಬಿದ್ದಿತ್ತು. ಕಂಬ ಬಂತು. ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕು ತೂತು ಉಳಿದಿದ್ದವು.

ಅಪ್ಪ ಕಂಬ ದಾಟಿ ಹತ್ತು ಹೆಜ್ಜೆ ನಡೆದು, ನಿಂತು, ಅಭ್ಯಾಸಬಲದಿಂದ ವಾಪಸ್ ತಿರುಗಿದರು.

"ಯಾಕಪ್ಪ ತಿರುಗಿದ್ರಿ?"

ಅವರು ತಾವು ಎಲ್ಲಿ ನಿಂತಿದ್ದೇವೆಂದು ಈಗ ನೋಡಿಕೊಂಡರು. ಕಾಲಡಿಯ ಹುಲ್ಲು ಅಲ್ಲಿಯವರೆಗೆ ಮಾತ್ರ ಸವೆದು ಮಣ್ಣು ಕಾಣುತ್ತಿತ್ತು. ನಾಲ್ಕು ಮುದುಕರ ಕಾಲು ತಿರುಗಿ ತಿರುಗಿ ಅಲ್ಲೊಂದು ಬಟ್ಟಲಿನಷ್ಟು ತಗ್ಗಾಗಿತ್ತು. ಅದರಾಚೆ ಮೊಣಕಾಲುದ್ದದ ಹುಲ್ಲು.

"ಪುಟ್ಟಿ," ಎಂದರು ಅವರು. "ನಾನು ಇಲ್ಲಿಂದ ಆಚೆ ಹೋಗೇ ಇಲ್ಲ."

ಇಷ್ಟು ದಿನ ಈ ದಾರಿಗಾಗಿ ಅವರು ನಡೆದ ನಡಿಗೆಯನ್ನು ಉದ್ದಕ್ಕೆ ಬಿಚ್ಚಿಟ್ಟಿದ್ದರೆ ಕೆರೆಗೆ ಎಷ್ಟು ಸಲ ಹೋಗಿ ಬರಬಹುದಿತ್ತು.

ಅಪ್ಪ ಕೋಲಿನಿಂದ ಹುಲ್ಲನ್ನು ಸರಿಸಿ ಮುಂದಕ್ಕೆ ಇಣುಕಿದರು. "ಆಚೆ ಏನೇನಿದೆ?"

"ಶಾಲೆ ಸಿಗುತ್ತೆ. ಆಮೇಲೆ ದೊಡ್ಡ ಮರ ಇದೆ, ಅಲ್ಲಿ ಬೆಂಚು ಹಾಕಿಸ್ಬೇಕು ಅಂತಿದ್ದೆ. ಅದಾದ್ಮೇಲೆ ಕೆರೆ."

"ದೂರಾನಾ?"

"ದೂರ ಇದೆ ಅಪ್ಪ. ನಿಧಾನಕ್ಕೆ ಹೋದ್ರಾಯ್ತು."

ಅವರು ಆ ಸವೆದ ತಗ್ಗಿನಿಂದ ಕಾಲು ಎತ್ತಿ ಹುಲ್ಲಿನೊಳಗೆ ಇಟ್ಟರು. ನೋವಿರಬೇಕು, ಹಲ್ಲು ಕಚ್ಚಿಕೊಂಡರು, ಇನ್ನೊಂದು ಕಾಲನ್ನೂ ಇಟ್ಟರು. ಮಗಳು ಮುಂದೆ ಹೋಗಿ ಮುಳ್ಳು ಬಗ್ಗಿಸಿ ಹಿಡಿದಳು.

"ಎಣಿಸ್ತಿದ್ದೀಯಾ?" ಹಿಂದಿನಿಂದ ಅಪ್ಪ ಕೇಳಿದರು.

"ಹ್ಞೂಂ," ಎಂದಳು ಅವಳು. "ಇಬ್ಬರು."