ಗುಳ್ಳೆ ಬಿಡಿ, ಮಾರಾಯ್ರೆ

ಬೋಳಾರದ ಹೊಳೆಬದಿಯಲ್ಲಿ ಬೆಳೆದ ಗಂಡಸರಿಗೆ ನೀರೆಂದರೆ ಸ್ವಂತ ಹಿತ್ತಿಲು. ನನ್ನ ಗಂಡ ಮುಖೇಶ್ ಚಿಕ್ಕಂದಿನಲ್ಲಿ ದಮ್ಮು ಕಟ್ಟಿ ನೇತ್ರಾವತಿಯ ತಳಕ್ಕೆ ಮುಳುಗಿ, ಮುಷ್ಟಿ ತುಂಬ ಮರುವಾಯಿ ಚಿಪ್ಪು ಹೆಕ್ಕಿ ತರುತ್ತಿದ್ದವರು. ಆ ಜಂಭ ಇನ್ನೂ ಇಳಿದಿಲ್ಲ.

ಹೋದ ವರ್ಷ ದುಬೈಯಲ್ಲಿ ನಾವಿಬ್ಬರೂ ಸ್ಕೂಬಾ ಕೋರ್ಸ್ ಮುಗಿಸಿದೆವು. ಆಮೇಲೆ ನೀರಿಗೆ ಇಳಿದೇ ಇಲ್ಲ. ಈ ಸಲ ರಜೆಗೆ ಊರಿಗೆ ಬಂದಾಗ ನೇತ್ರಾಣಿ ದ್ವೀಪಕ್ಕೆ ಹೋಗುವ ಆಸೆ. ಸ್ಕೂಬಾ ಕಲಿಸುವ ಜೆಪ್ಪುವಿನ ನೊರ್ಬರ್ಟ್ ಇವರ ಶಾಲೆಯ ಗೆಳೆಯ.

"ವರ್ಷ ಆಯ್ತಲ್ಲ, ಮೊದಲು ಒಮ್ಮೆ ಈಜುಕೊಳದಲ್ಲಿ ಇಳಿದು ನೋಡುವ" ಎಂದರು ನೊರ್ಬರ್ಟ್.

"ನನಗೆ ಎಂತ ಪರೀಕ್ಷೆ ಮಾರಾಯ?" ಎಂದು ಗೊಣಗುತ್ತಲೇ ಇವರು ಸಿಲಿಂಡರ್ ಕಟ್ಟಿಕೊಂಡು ಇಳಿದರು. ನಾನೂ ಜೊತೆಗೆ ಇಳಿದೆ. ಕಾಲು ಗಂಟೆ ಕಳೆದು ಮೇಲೆ ಬಂದವರೇ ನನ್ನ ಮೀಟರಿನ ಪಕ್ಕ ತಮ್ಮದನ್ನು ಹಿಡಿದು ತೋರಿಸಿದರು. "ನೋಡು, ಅಶ್ಮಿತಾಳಿಗಿಂತ ನನ್ನದರಲ್ಲಿ ಎಷ್ಟು ಗಾಳಿ ಉಳಿದುಂಟು!"

ನೊರ್ಬರ್ಟ್ ನಗಲಿಲ್ಲ. "ನಿನ್ನ ಗುಳ್ಳೆಗಳು ಎಲ್ಲಿ? ನೀನು ದಮ್ಮು ಕಟ್ಟಿದ್ದಿ."

"ಹೌದು. ಮರುವಾಯಿ ಹೆಕ್ಕುವಾಗ ಹಾಗೇ ಅಲ್ವಾ?"

"ಅದೇ ತಪ್ಪು ಮಾರಾಯ. ಹೊಳೆಗೆ ನೀನು ಮೇಲಿನ ಗಾಳಿ ತೆಗೆದುಕೊಂಡು ಹೋಗುವುದು, ಅಷ್ಟನ್ನೇ ವಾಪಸು ತರುವುದು. ಸಿಲಿಂಡರಿನ ಗಾಳಿ ಕೆಳಗೆ ಒತ್ತಡದಲ್ಲಿ ಎಳೆದುಕೊಂಡದ್ದು. ಮೇಲೆ ಬರ್ತಾ ಉಬ್ಬುತ್ತದೆ. ದಮ್ಮು ಕಟ್ಟಿದ್ರೆ ಅದು ಎಲ್ಲಿಗೆ ಹೋಗುವುದು? ಶ್ವಾಸಕೋಶ ಹರಿಯುತ್ತದೆ. ಅದಕ್ಕೆ ಈ ಕೊಳದ ಆಳವೇ ಸಾಕು."

"ಸುಮ್ಮನೆ ಹೆದರಿಸ್ತೀಯಾ?" ಎಂದರು ಇವರು. ಈ ಮನುಷ್ಯ ಜಂಭಕ್ಕೆ ಜೀವ ಕಳೆದುಕೊಂಡರೆ ನನ್ನ ಗತಿ ಏನು?

"ವಾಪಸು ದುಬೈಗೆ ಯಾವಾಗ?" ನೊರ್ಬರ್ಟ್ ಕೇಳಿದರು.

"ನೇತ್ರಾಣಿಯಿಂದ ಬಂದ ಸಂಜೆಯೇ ವಿಮಾನ."

"ಅದೂ ಆಗುವುದಿಲ್ಲ. ಡೈವ್ ಮಾಡಿದ ಮೇಲೆ ಮೈಯಲ್ಲಿ ಸಾರಜನಕ ಉಳಿದಿರುತ್ತದೆ, ವಿಮಾನ ಮೇಲೇರಿದ್ರೆ ಅದು ರಕ್ತದಲ್ಲೇ ಗುಳ್ಳೆ ಕಟ್ಟುತ್ತದೆ. ಇಡೀ ಒಂದು ದಿನ ನೆಲದಲ್ಲೇ ಇರಬೇಕು."

ಮನೆಯಲ್ಲಿ ಅಮ್ಮಣಿ ಅತ್ತೆಗೆ ಎಲ್ಲ ಹೇಳಿದೆ. "ಅಯ್ಯೋ ದೇವೆರೇ! ಗೊತ್ತಿದ್ದವ ಹೇಳಿದ್ದು ಕೇಳು ಮಗಾ. ಟಿಕೆಟ್ ಎರಡು ದಿನ ಮುಂದೆ ಹಾಕು" ಎಂದರು. ತಾಯಿಯ ಮಾತಿಗೆ ಇವರು ಟಿಕೆಟ್ ಬದಲಿಸಿದರು. ಆದರೆ ದಮ್ಮಿನ ವಿಷಯ ಮಾತ್ರ ಒಪ್ಪಲಿಲ್ಲ.

ನೇತ್ರಾಣಿಯ ನೀರಿಗಿಳಿದಾಗ ಮೇಲಿನ ಲೋಕದ ಸದ್ದೆಲ್ಲ ಕರಗಿತು. ಸುತ್ತ ನೀಲಿ. ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ಹಳದಿ ಮೀನುಗಳ ಹಿಂಡು ನಮ್ಮನ್ನು ಬಳಸಿಕೊಂಡು ನಿಧಾನವಾಗಿ ಹೋಯಿತು. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ, ನನ್ನ ಉಸಿರಿನ ಸದ್ದೊಂದೇ ಕಿವಿಯಲ್ಲಿ. ಆಗ ಬಂಡೆಯ ಮರೆಯಿಂದ ಒಂದು ಕಡಲಾಮೆ ಬಂತು. ಯಾವ ಅವಸರವೂ ಇಲ್ಲ ಅದಕ್ಕೆ. ಎಷ್ಟು ಚಂದ! ನನಗೆ ಅಳುವೇ ಬಂತು.

ತಿರುಗಿ ನೋಡಿದರೆ ಇವರು ಪಕ್ಕದಲ್ಲಿಲ್ಲ. ಬೆರಗಿನಲ್ಲಿ ಎದೆ ತುಂಬ ಗಾಳಿ ಎಳೆದು ಹಾಗೇ ಕಟ್ಟಿಕೊಂಡು, ಮೆಲ್ಲಗೆ ಮೇಲಕ್ಕೆ ತೇಲುತ್ತಿದ್ದರು. ಒಂದು ಗುಳ್ಳೆಯೂ ಇಲ್ಲ. ಮೇಲಕ್ಕೆ ಚಿಮ್ಮಿ ಅವರ ಕಣಕಾಲು ಹಿಡಿದೆ. ಬಾಯಿಯ ಹತ್ತಿರ ಕೈ ತಂದು, ಬಿಡಿ, ಬಿಡಿ ಎಂದು ಸನ್ನೆ ಮಾಡಿದೆ. ಅವರ ಕಣ್ಣು ಅಗಲವಾಯಿತು. ಆಮೇಲೆ ಬುಳುಬುಳು ಎಂದು ಗುಳ್ಳೆಗಳು ಹೊರಟವು. ನೊರ್ಬರ್ಟ್ ಬಂದು ತೋಳು ಹಿಡಿದು, ನಿಧಾನವಾಗಿ ನಮ್ಮನ್ನು ಮೇಲೆ ಕರೆತಂದರು.

ದೋಣಿಯಲ್ಲಿ ಇವರು ನನ್ನ ಪಕ್ಕ ಬಂದು ಕುಳಿತರು. "ನನಗೆ ಗೊತ್ತೇ ಆಗ್ಲಿಲ್ಲ ಅಶ್ಮಿತಾ. ಅಷ್ಟು ಸುಖ ಆಗಿತ್ತು" ಎಂದರು.

ಹೊಸದಾಗಿ ಡೈವಿಂಗ್ ಕಲಿತವರೇ, ಕಡಲಿನ ಅಪಾಯ ಹೆದರಿಸಿಕೊಂಡು ಬರುವುದಿಲ್ಲ, ಹೀಗೆ ಸುಖವಾಗಿ ಬರುತ್ತದೆ. ಎಷ್ಟು ಚಂದ ಕಂಡರೂ ಉಸಿರಾಡುತ್ತಲೇ ಇರಿ. ಬಹಳ ದಿನ ಬಿಟ್ಟಿದ್ದರೆ ಮೊದಲು ಕೊಳದಲ್ಲಿ ಅಭ್ಯಾಸ ಮಾಡಿ. ಶೀತವಾಗಿ ಕಿವಿ ಕಟ್ಟಿದ್ದರೆ ಆ ದಿನ ದೋಣಿಯಲ್ಲೇ ಕುಳಿತುಕೊಳ್ಳಿ, ನಾಚಿಕೆ ಬೇಡ. ಜೊತೆಗಾರರನ್ನು ಬಿಟ್ಟು ದೂರ ಹೋಗಬೇಡಿ. ನನ್ನ ಕೈಗೆ ಅವರ ಕಾಲು ಸಿಕ್ಕಿತು. ಇನ್ನೊಂದು ಮಾರು ದೂರವಿದ್ದಿದ್ದರೆ ಸಿಗುತ್ತಿರಲಿಲ್ಲ.