ರಾಣಿಯ ಮುಖದ ಮೇಲಿನ ಕಲೆ

ತನ್ನ ಕನ್ನಡಕದ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ತಂಗಿ ಭೂತಗನ್ನಡಿ ಹಿಡಿದು ಕೂತಳೆಂದರೆ ಮುಗಿಯಿತು, ಲೋಕ ಮುಳುಗಿದರೂ ಅವಳಿಗೆ ಗೊತ್ತಾಗುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಚೀಟಿಗಳೆಂದರೆ ಅವಳಿಗೆ ಹುಚ್ಚು. ಅದೂ ಎಂಥ ಹುಚ್ಚು ಅಂತೀರಿ, ರಾಣಿಯ ಮುಖ ಅವಳಿಗೆ ಬೇಕಾಗಿಯೇ ಇಲ್ಲ. ಆ ಮುಖದ ಮೇಲೆ ಅಂಚೆಯವನು ಒತ್ತಿದ ಮುದ್ರೆ ಬೇಕು. ನೋಡುತ್ತ ನೋಡುತ್ತ ಅಂಗಡಿ ಕರಗಿ, ಯಾವುದೋ ಕಾಲದ ಅಂಚೆಕಚೇರಿಯೊಳಗೆ ಹೋಗಿಬಿಡುತ್ತಾಳೆ. ಅಲ್ಲೊಬ್ಬ ಗುಮಾಸ್ತ ಬೆರಳಿಗೆಲ್ಲ ಮಸಿ ಮೆತ್ತಿಕೊಂಡು ಟಪ್ ಟಪ್ ಎಂದು ಒತ್ತುತ್ತಿರುತ್ತಾನೆ.

ಆ ಗುಮಾಸ್ತ ಮೊದಲು ಕಂಡದ್ದು ಅವಳ ಏಳನೇ ವಯಸ್ಸಿನಲ್ಲಿ, ತಾತನ ಡಬ್ಬಿಯಲ್ಲಿದ್ದ, ಒಂದು ಪೆನ್ನಿ ಬೆಲೆಯ ಕಪ್ಪು ಅಂಚೆಚೀಟಿಯಲ್ಲಿ. ಅದರ ಮುದ್ರೆ ಕೆಂಪು ಶಿಲುಬೆ, ಎಡದ ತೋಳು ಕೊಂಚ ಸೊಟ್ಟ. ಮನೆ ಪಾಲಾದಾಗ ಚೀಟಿ ಅಣ್ಣನಿಗೆ ಹೋಯಿತು. ಮೂವತ್ತು ವರ್ಷ ಕೇಳಿದಳು. ಜಪ್ಪಯ್ಯ ಅಂದರೂ ಅವನು ಕೊಡಲಿಲ್ಲ.

ಇವತ್ತು ಅಣ್ಣ ತಾನಾಗಿಯೇ ಬಂದು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟ. ಅವನು ಲಾಂಡ್ರಿಯವನು, ಯಾರದೋ ಕಾಲರಿನಲ್ಲಿ ಚುಕ್ಕೆ ಉಳಿದರೂ ನಿದ್ದೆ ಬಾರದ ಜೀವ.

"ತಗೋ ಕಣೇ, ನಿನ್ನ ಹತ್ರಾನೇ ಇರ್ಲಿ."

ಅವಳು ಲಗುಬಗೆಯಿಂದ ತೆರೆದಳು. ಒಳಗೆ ಕಪ್ಪು ರಾಣಿ ಇದ್ದಳು. ಶಿಲುಬೆ ಇರಲಿಲ್ಲ.

"ಮೂರು ದಿನ ಹಿಡೀತು ನೋಡು," ಅಣ್ಣ ಬೀಗಿದ. "ಮುಖದ ತುಂಬಾ ಕೆಂಪು ಕಲೆ. ತಂಗಿಗೆ ಕೊಳಕು ಚೀಟಿ ಕೊಡೋದಾ ಅಂತ ಪೂರ್ತಿ ತೆಗೆದುಬಿಟ್ಟೆ."

ಆ ಕೆಂಪು ಮಸಿ ತೊಳೆದರೆ ಬಿಡುತ್ತದೆ, ಅದಕ್ಕೇ ಅಂಚೆಯವರು ಆಮೇಲೆ ಕಪ್ಪು ಮಸಿ ಹಿಡಿದರು ಎಂದು ಅವಳಿಗೆ ಗೊತ್ತು. ಅಳು ಬಂತು, ಸಿಟ್ಟೂ ಬಂತು. ಅವಳ ಗುಮಾಸ್ತ ಇನ್ನಿಲ್ಲ.

"ಅಣ್ಣ, ಅದು ಕಲೆ ಅಲ್ಲ. ಇಷ್ಟು ವರ್ಷ ನಾನು ಕೇಳಿದ್ದೇ ಅದನ್ನ."

ಅಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೆವರು ಒರೆಸಿಕೊಳ್ಳಲು ಜೇಬಿನಿಂದ ಕರ್ಚೀಫು ತೆಗೆದ. ಅಚ್ಚ ಬಿಳಿ ಬಟ್ಟೆಯ ನಡುವೆ ತಿಳಿಗೆಂಪಗೆ ಏನೋ ಇತ್ತು.

"ಏನದು?"

"ಚೀಟಿ ಒದ್ದೆ ಮಾಡಿ ಮೊದಲು ಒತ್ತಿದ್ದು ಇದರಲ್ಲೇ. ಅಲ್ಲಿಂದ ಬಿಡ್ತು, ಇಲ್ಲಿಂದ ಏನು ಮಾಡಿದ್ರೂ ಬಿಡ್ತಿಲ್ಲ. ನಲವತ್ತು ವರ್ಷದ ಕಸುಬಿನ ಮಾನ ಹೋಯ್ತು."

ಅವಳು ಕರ್ಚೀಫು ಕಿತ್ತುಕೊಂಡು ಭೂತಗನ್ನಡಿ ಹಿಡಿದಳು. ಶಿಲುಬೆ. ಎಡದ ಸೊಟ್ಟ ತೋಳು ಬಲಕ್ಕೆ ಬಂದಿತ್ತು, ಅಷ್ಟೇ. ಗುಮಾಸ್ತ ತಲೆಯೆತ್ತಿ ಅವಳನ್ನೇ ನೋಡಿದ.

"ರಾಣೀನ ನೀನೇ ಇಟ್ಕೋ ಅಣ್ಣ. ನನಗೆ ಇದು ಸಾಕು."

"ಕೊಡಿಲ್ಲಿ, ಇನ್ನೊಂದ್ಸಲ ಒಗೆದು ಕೊಡ್ತೀನಿ," ಎಂದು ಅಣ್ಣ ಕೈ ಚಾಚಿದ.

"ಮುಟ್ಟಿದ್ರೆ ನೋಡು," ಎಂದು ತಂಗಿ ಅದನ್ನು ಎದೆಗೊತ್ತಿಕೊಂಡಳು.