ಸೋಮವಾರದ ಕೂಗು

ಹೊನ್ನವಳ್ಳಿಯ ಹನುಮಕ್ಕನಿಗೆ ಸೋಮವಾರ ಹೊಸ್ತಿಲು ತೊಳೆದು ದೀಪ ಹಚ್ಚಿದ ಮೇಲೂ ಇನ್ನೊಂದು ಕೆಲಸ ಉಳಿದಿರುತ್ತಿತ್ತು. ಒಳಕೋಣೆಗೆ ಹೋಗಿ, ಸ್ಟೂಲು ಹತ್ತಿ, ಗೋಡೆಯ ಮೇಲಿನ ಬಿಳಿ ಡಬ್ಬಿಯ ಗುಂಡಿ ಒತ್ತುವುದು. ಡಬ್ಬಿ ಕಿವಿ ತೂತು ಬೀಳುವಂತೆ ಕೂಗುತ್ತಿತ್ತು. ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದ ಗಂಡ ಹುಚ್ಚಣ್ಣ, "ಎದ್ದೈತೆ ಕಣೇ ನಿನ್ ದೇವ್ರು, ಇನ್ನಾದ್ರೂ ಅದರ ಕತ್ತು ಬುಡು" ಎನ್ನುತ್ತಿದ್ದ.

ಡಬ್ಬಿ ತಂದವನು ಅಳಿಯ ದಿನೇಶ್. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಎಲೆಕ್ಟ್ರಿಷಿಯನ್. ಅಲ್ಲಿ ಗೂಡಿನ ಬಳಿ ಗಟ್ಟಿಮುಟ್ಟಾದ ಆಳೊಬ್ಬ ಕೂತಲ್ಲೇ ಒರಗಿಹೋದದ್ದನ್ನು ಕಣ್ಣಾರೆ ಕಂಡಿದ್ದ. ಹೆಂಡತಿ ಶಶಿರೇಖಾಳ ಚೊಚ್ಚಲ ಹೆರಿಗೆ ತವರಿನಲ್ಲೇ ಎಂದು ಗೊತ್ತಾದಾಗಿನಿಂದ ಅವನ ಎದೆಯಲ್ಲಿ ಅದೇ ಕೂತಿತ್ತು. ಬಾಣಂತಿಗೆ ನೀರು ಹಾಕಿ, ಬಾಗಿಲು ಮುಚ್ಚಿ, ಮಂಚದಡಿ ಚಿಪ್ಪಿನ ಕೆಂಡ ಇಡುವುದು ಈ ಸೀಮೆಯ ವಾಡಿಕೆ. ಬೇಡವೆಂದರೆ ಯಾರು ಕೇಳುತ್ತಾರೆ? ಕಾರ್ಖಾನೆಯವರು ಹೊಸ ಡಬ್ಬಿಗಳನ್ನು ಹಾಕಿ ಹಳೆಯವನ್ನು ಮೂಲೆಗೆ ಒಟ್ಟಿದ್ದರು. ಅವುಗಳಲ್ಲಿ ಚೆನ್ನಾಗಿ ಕೂಗುವ ಒಂದನ್ನು ಆರಿಸಿ ತಂದು, ತಾನೇ ಸ್ಕ್ರೂ ಹೊಡೆದ.

"ಕೆಂಡದಿಂದ ಒಂದು ಗಾಳಿ ಬತ್ತದೆ ಅತ್ತೆ. ಹೊಗೆ ಇರಲ್ಲ, ವಾಸ್ನೆ ಇರಲ್ಲ. ನಮಗೆ ಗೊತ್ತಾಗೋ ಹೊತ್ಗೆ ಕೈಕಾಲು ಆಡಲ್ಲ. ಇದು ಮುಂಚೇನೇ ಕೂಗ್ತದೆ."

"ಕೂಗಿದ್ರೆ ಏನ್ಮಾಡ್ಬೇಕಪ್ಪ?"

"ಬಾಗ್ಲು ತೆಗ್ದು ತಾಯಿ ಮಗೂನ ಈಚೆ ತನ್ನಿ. ಮಿಕ್ಕಿದ್ದು ಆಮೇಲೆ. ವಾರಕ್ಕೊಂದ್ಸಲ ಗುಂಡಿ ಒತ್ತಿ, ಒಣಬಟ್ಟೇಲಿ ಧೂಳು ತೆಗೀರಿ, ಸೆಲ್ಲು ಸೋತ್ರೆ ಬದ್ಲಾಯ್ಸಿ. ಅಷ್ಟೇಯ."

ಅಷ್ಟನ್ನೂ ಹನುಮಕ್ಕ ವ್ರತ ಹಿಡಿದಂತೆ ಮಾಡಿದಳು. ಹುಚ್ಚಣ್ಣ ಕೊಬ್ಬರಿ ಹಾಕಲು ತಿಪಟೂರಿಗೆ ಹೋದಾಗ ಮರೆಯದೆ ಚೌಕದ ಸೆಲ್ಲು ತರಿಸಿದಳು. ಆಯುಧಪೂಜೆಯ ದಿನ ಅವನು ಮಚ್ಚು, ತಕ್ಕಡಿ, ಸ್ಕೂಟರಿಗೆಲ್ಲ ವಿಭೂತಿ ಬಳಿದು, ಡಬ್ಬಿಗೂ ಮೂರು ಬೆರಳು ಎಳೆದುಬಿಟ್ಟಿದ್ದ.

"ಅಯ್ಯೋ ನಿಮ್ಮ ಭಕ್ತಿಗಿಷ್ಟು. ಅದರ ಮೂಗೇ ಮುಚ್ಚಿದ್ರೆ ಅದು ಮೂಸೋದೆಂಗ್ರೀ?" ಎಂದು, ಪೊರಕೆ ಕಡ್ಡಿಯಲ್ಲಿ ಸಣ್ಣ ತೂತುಗಳನ್ನೆಲ್ಲ ಕೆದಕಿ ಒರೆಸಿದಳು. ಗುಂಡಿ ಒತ್ತಿದಳು. ಕೂಗಿತು. ಸಮಾಧಾನವಾಯಿತು.

ಮಾರ್ಗಶಿರದ ಚಳಿಯಲ್ಲಿ ಹೆಣ್ಣುಮಗು ಹುಟ್ಟಿತು. ನೀರು ಹಾಕಲು ಬರುತ್ತಿದ್ದವಳು ಕೇರಿಯ ಚಿಕ್ಕಗೌರಮ್ಮ. ಅವಳ ಕೈಯಲ್ಲಿ ಮಿಂದ ಕೂಸುಗಳೇ ಈಗ ಮಕ್ಕಳ ಮದುವೆ ಮಾಡುತ್ತಿದ್ದವು. ಹನುಮಕ್ಕ ಮಾತ್ರ ದಿನವೂ ಕಿಟಕಿಯನ್ನು ಒಂದು ಗೇಣು ತೆರೆದೇ ಇಡುತ್ತಿದ್ದಳು. ಚಳಿ ಬಲಿತ ಒಂದು ಸೋಮವಾರ ಚಿಕ್ಕಗೌರಮ್ಮನ ತಾಳ್ಮೆ ತೀರಿತು.

"ಎಳೆ ಬಾಣಂತಿಗೆ ಗಾಳಿ ಸೋಕಿದ್ರೆ ನಾಳೆ ಸೊಂಟ ಹಿಡ್ಕತದೆ, ಆಗ ನಿನ್ ಅಳಿಯ ಬಂದು ತಿಕ್ಕುತಾನಾ? ಕೆಂಡ ನಿಗಿನಿಗಿ ಅಂತೈತೆ, ಒಂದೆಳೆ ಹೊಗೆ ಇಲ್ಲ. ಕಾಯಾಕೆ ಡಬ್ಬಿ ಐತೆ. ಅದೇ ಸುಮ್ಕಿರುವಾಗ ನಿಂದೇನೇ?"

"ಮುಚ್ಚಮ್ಮ" ಎಂದಳು ಶಶಿರೇಖಾ ಕಂಬಳಿಯೊಳಗಿಂದ. "ಮಗೂನ ಕಾಲು ತಣ್ಣಗೈತೆ."

ಹನುಮಕ್ಕ ಮೇಲೆ ನೋಡಿದಳು. ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಬೆಳಿಗ್ಗೆಯಷ್ಟೇ ಕೂಗಿಸಿದ್ದಳು. ಕಿಟಕಿ ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿ, ಬಾಗಿಲು ಎಳೆದುಕೊಂಡು ಹೊರಗೇ ರಾಗಿ ಕೇರುತ್ತಾ ಕೂತಳು. ಕಿವಿಯೆಲ್ಲ ಡಬ್ಬಿಯ ಮೇಲೆಯೇ. ಅದು ಸುಮ್ಮನಿದ್ದಷ್ಟೂ ಅವಳ ಜೀವ ಹಗುರಾಗುತ್ತಾ ಬಂತು.

ಬಿಸಿಲು ಅಂಗಳಕ್ಕಿಳಿದರೂ ಮಗು ಹಾಲಿಗೆ ಅಳಲಿಲ್ಲ. ಒಳ್ಳೆ ನಿದ್ದೆ ಎಂದುಕೊಂಡಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದಳು. ಮಗುವಿನ ಕೆನ್ನೆ ಎಂದಿಗಿಂತ ಕೆಂಪಗಿತ್ತು. ಎತ್ತಿಕೊಂಡಾಗ ಕತ್ತು ನಿಲ್ಲಲಿಲ್ಲ. ಶಶಿರೇಖಾಳ ಗಂಟಲಲ್ಲಿ ಗೊರಗೊರ ಸದ್ದಿತ್ತು.

ಟೆಂಪೋದಲ್ಲಿ ತಿಪಟೂರಿಗೆ ಒಯ್ದರು. ಶಶಿರೇಖಾ ಉಳಿದಳು. ಉಳಿದಳು ಎಂದರೆ ಉಣ್ಣುತ್ತಾಳೆ, ಏಳುತ್ತಾಳೆ. ಹೇಳಿದ ಮಾತು ಮಾತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮಗುವನ್ನು ಮಣ್ಣು ಮಾಡಿ ಬಂದ ದಿನೇಶ್ ಡಬ್ಬಿ ಬಿಚ್ಚಿ ಹಿಂದುಮುಂದು ಮಾಡಿದ. ಗೋಡೆಗೆ ಅಂಟಿಕೊಂಡಿದ್ದ ಬೆನ್ನಿನ ಮೇಲೆ, ಇಂಥ ವರ್ಷದ ಮೇಲೆ ಬಳಸಬಾರದು ಎಂದು ಬರೆದಿತ್ತು. ಆ ವರ್ಷ, ಡಬ್ಬಿ ಈ ಮನೆಗೆ ಬರುವ ಮೊದಲೇ ಕಳೆದುಹೋಗಿತ್ತು.

"ಅದಕ್ಕೇ ತೆಗ್ದಾಕಿದ್ರಂತೆ. ನಾನು ಕೇಳ್ಲಿಲ್ಲ" ಎಂದ. "ಗುಂಡಿ ಒತ್ತಿದ್ರೆ ಗಂಟ್ಲು ಐತೆ ಅಂತ ಗೊತ್ತಾಯ್ತದೆ ಅತ್ತೆ. ಮೂಗು ಸತ್ತಿದ್ರೂ ಅದು ಕೂಗ್ತದೆ."

"ನಾನು ಒಂದು ವಾರನೂ ತಪ್ಪಿಸ್ಲಿಲ್ಲ ಕಣಪ್ಪ."

"ಗೊತ್ತು ಅತ್ತೆ."

ಬೈಯಲು ಅವಳಿಗೆ ಯಾರೂ ಸಿಗಲಿಲ್ಲ, ತಾನೂ ಸಿಗಲಿಲ್ಲ. ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು ದಿನೇಶ್ ಬಸ್ಸು ಹತ್ತಿದ.

ಶಶಿರೇಖಾಳನ್ನು ಮನೆಗೆ ಕರೆತಂದ ಮೇಲಿನ ಮೊದಲ ಸೋಮವಾರ ದೀಪ ಹಚ್ಚಿದ ಕೈ ತಾನಾಗಿ ಗೂಡಿಗೆ ಹೋಯಿತು. ಒತ್ತಿದಳು. ಯಾವ ಕುಂದೂ ಇಲ್ಲದೆ, ಮೊದಲಿನಷ್ಟೇ ಜೋರಾಗಿ ಕೂಗಿತು.

ಒಳಗಿಂದ ಶಶಿರೇಖಾ ಕೇಳಿದಳು, "ಅಮ್ಮಾ, ಮಗು ಎದ್ದಂಗೈತೆ. ತತ್ತಾ, ಎದೆ ಬಿಗೀತೈತೆ."

ಹನುಮಕ್ಕ ಸೆಲ್ಲು ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು.

"ಇಲ್ಲ ಕಣೇ," ಎಂದಳು. "ಇನ್ನೂ ಮಲ್ಗೈತೆ."